ಕರೆಂಟ್ ಬರುವವರೆಗಿನ ದೊರೆ

ದೊಡ್ಡಪ್ಪ ಬಸ್ಸು ತಪ್ಪಿಸಿಕೊಳ್ಳಬಹುದಿತ್ತು. ದೇವನಹಳ್ಳಿಯಲ್ಲಿ ಇಳಿದು ಹೊಸಕೋಟೆ ಬಸ್ಸು ಹತ್ತುವ ಬದಲು ಬೆಂಗಳೂರು ಬಸ್ಸು ಹತ್ತಿಬಿಡಬಹುದಿತ್ತು. ಸಿಕ್ಕಿದವರಿಗೆ ಪಾಠ ಹೇಳುತ್ತ ನಿಂತರೆ ಅವರಿಗೆ ಬೋರ್ಡು ಕಾಣುತ್ತಿರಲಿಲ್ಲ. ಚಿಲ್ಲರೆಗಾಗಿ ಜಗಳವಾಡಿ ಕಂಡಕ್ಟರ್ ನಡುದಾರಿಯಲ್ಲಿ ಇಳಿಸಬಹುದಿತ್ತು. ಹೊಸಕೋಟೆ ಕೆರೆ ಏರಿಯ ಮೇಲೆ ಟೈರು ಸಿಡಿಯಬಹುದಿತ್ತು. ಜಡಿಗೇನಹಳ್ಳಿ ತಲುಪಿದರೂ ಆ ಬಟ್ಟೆ ಅಂಗಡಿ ಬಾಗಿಲು ಹಾಕಿರಬಹುದಿತ್ತು. ಅಂಗಡಿಯವರು ಅಷ್ಟರಲ್ಲಿ ಬೇರೆ ಕಡೆ ತಾಂಬೂಲ ಬದಲಾಯಿಸಿಕೊಂಡಿರಬಹುದಿತ್ತು. ಇಲ್ಲದಿದ್ದರೂ, ಒಮ್ಮೆ ಬೇಡ ಅನ್ನಿಸಿಕೊಂಡ ಸಿಟ್ಟಿಗೆ ಕೂರಲು ಚಾಪೆ ಕೂಡ ಹಾಕದೆ ಕಳಿಸಬಹುದಿತ್ತು. ಸತ್ತೇ ಹೋಗಿರಬಹುದಿತ್ತು ಅಂಗಡಿಯ ಆ ಪುಣ್ಯಾತ್ಮ. ಹೋದ ತಿಂಗಳು ಚೆನ್ನಾಗಿದ್ದರು ಎನ್ನುವುದು ಯಾವ ಭರವಸೆ? ಅಥವಾ ಎಲ್ಲ ಸರಿಹೋಗಿ, ಅವರು ಆಗಲಿ ಎಂದು, ಆ ಸಂತೋಷಕ್ಕೆ ಊಟ ಜಾಸ್ತಿಯಾಗಿ ದೊಡ್ಡಪ್ಪನಿಗೆ ಎದೆ ಹಿಡಿದುಕೊಂಡು, ಒಪ್ಪಿದ ಸುದ್ದಿ ಅವರ ಜೊತೆಯಲ್ಲೇ ಹೋಗಿಬಿಡಬಹುದಿತ್ತು.

ಇಷ್ಟನ್ನೂ ನಾನು ಒಂದು ಡಿಸೆಂಬರ್ ಬೆಳಗ್ಗೆ ದೊಡ್ಡಬಳ್ಳಾಪುರದ ನಮ್ಮ ಮನೆಯ ಹಿತ್ತಲ ಕಟ್ಟೆಯ ಮೇಲೆ ಕೂತು ಯೋಚಿಸಿದೆ. ಆಗ ಎಂಟನೇ ಕ್ಲಾಸು. ಈಗ ಐವತ್ತರ ಹತ್ತಿರ ಬಂದಿದ್ದೇನೆ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಆಟೋವನ್ನು ಅರ್ಧ ದಾರಿಯಿಂದ ತಿರುಗಿಸುವವಳು ಎಂದು ಮನೆಯಲ್ಲಿ ಹೆಸರು ಪಡೆದಿದ್ದೇನೆ. ಆ ವಿದ್ಯೆಯನ್ನು ಕಲಿತದ್ದು ಆ ಕಟ್ಟೆಯ ಮೇಲೆಯೇ. ದೊಡ್ಡಪ್ಪ ಆ ಬೆಳಗ್ಗೆ ಹೊರಟಿದ್ದು ಅವರ ತಂಗಿಗೆ, ಅಂದರೆ ನನ್ನ ಸರೋಜತ್ತೆಗೆ, ಗಂಡು ಕೇಳಲು. ಕಳಿಸಿದ್ದು ಸ್ವತಃ ಅತ್ತೆ. ಗಂಡ ಸತ್ತು ತವರಿಗೆ ಬಂದು ಕೂತ ತಂಗಿ ಹಿರಿಯಣ್ಣನಿಗೆ ಹೀಗೆ ಅಪ್ಪಣೆ ಕೊಟ್ಟು ಅಟ್ಟುವುದು ನಮ್ಮ ಬೀದಿಯಲ್ಲಿ ಯಾರೂ ಕೇಳರಿಯದ ಸಂಗತಿ. ಅದಕ್ಕೆ ಕಾರಣ ಎರಡು. ಒಂದು ರೋಮ್ ಸಾಮ್ರಾಜ್ಯ, ಇನ್ನೊಂದು ಸುಟ್ಟುಹೋದ ಟ್ರಾನ್ಸ್‌ಫಾರ್ಮರ್.

ನಮ್ಮ ಮನೆಯ ಮುಂದಿನ ಅರ್ಧ ಮನೆ, ಹಿಂದಿನ ಅರ್ಧ ಮಗ್ಗ. ಹಿಂದಿನ ಶೆಡ್ಡಿನಲ್ಲಿ ಆರು ಪವರ್‌ಲೂಮುಗಳು ಬೆಳಗ್ಗೆಯಿಂದ ಖಟಾಪಟಾ ಎಂದು ಬಡಿದುಕೊಂಡರೆ ಪಡಸಾಲೆಯ ಗೋಡೆಯ ಮೇಲಿನ ಹಿರಿಯರ ಫೋಟೋಗಳೂ ಸಣ್ಣಗೆ ನಡುಗುತ್ತಿದ್ದವು. ಆ ಸದ್ದಿನ ಮೇಲೆ ಮಾತು ಕೇಳಿಸಬೇಕಾದರೆ ಕೂಗಬೇಕು. ಹಾಗಾಗಿ ನಮ್ಮ ಮನೆಯಲ್ಲಿ ಪ್ರೀತಿಯನ್ನೂ ಕೂಗಿಯೇ ಹೇಳುತ್ತಿದ್ದರು, ಬೈಗುಳವನ್ನೂ ಕೂಗಿಯೇ ಹೇಳುತ್ತಿದ್ದರು. ಗುಟ್ಟುಗಳನ್ನಂತೂ ಇನ್ನಷ್ಟು ಗಟ್ಟಿಯಾಗಿ ಕೂಗುತ್ತಿದ್ದರು, ಹೇಗಿದ್ದರೂ ಮೂರನೆಯವರಿಗೆ ಕೇಳಿಸುವುದಿಲ್ಲವಲ್ಲ. ಮಗ್ಗ ನೋಡಿಕೊಳ್ಳುತ್ತಿದ್ದವರು ನನ್ನಪ್ಪ. ಮನೆ ನೋಡಿಕೊಳ್ಳುತ್ತಿದ್ದವರು, ಅಂದರೆ ಎಲ್ಲರನ್ನೂ ಕಣ್ಣಲ್ಲೇ ನೋಡಿಕೊಳ್ಳುತ್ತಿದ್ದವರು, ದೊಡ್ಡಪ್ಪ. ಅವರು ಮದುವೆಯಾಗಿರಲಿಲ್ಲ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದರು. ಪಠ್ಯದಲ್ಲಿ ರೋಮಿಗೆ ಕೊಟ್ಟದ್ದು ಚಿಕ್ಕ ಪಾಠ. ದೊಡ್ಡಪ್ಪ ಅದನ್ನೇ ಬೇಸಿಗೆ ಬರುವವರೆಗೂ ಎಳೆಯುತ್ತಿದ್ದರು, ಉಳಿದದ್ದನ್ನು ಮನೆಗೆ ತರುತ್ತಿದ್ದರು.

ಅವರ ಪ್ರಕಾರ ರೋಮನರು ನಮ್ಮವರೇ, ದಾರಿತಪ್ಪಿ ಅಷ್ಟು ದೂರ ಹೋದವರು. ಅವರೂ ಒಲೆಯ ಪಕ್ಕ ಮನೆದೇವರನ್ನು ಇಟ್ಟು ಊಟಕ್ಕೆ ಮುಂಚೆ ಎಡೆ ಇಡುತ್ತಿದ್ದರಂತೆ. ಅವರೂ ಸತ್ತ ಹಿರಿಯರ ಮುಖಗಳನ್ನು ಮೇಣದಲ್ಲಿ ಮಾಡಿ ಪಡಸಾಲೆಯಲ್ಲಿ ಇಡುತ್ತಿದ್ದರಂತೆ. ಯಜಮಾನ ಬದುಕಿರುವವರೆಗೂ ನಲವತ್ತು ವರ್ಷದ ಮಗನಿಗೂ ತನ್ನದೆನ್ನುವುದು ಏನೂ ಇಲ್ಲವಂತೆ. ಈ ಮಾತು ಬಂದಾಗ ಅಪ್ಪ ತಟ್ಟೆಯಲ್ಲಿ ಏನೋ ಕಳೆದುಕೊಂಡವರಂತೆ ಮುದ್ದೆಯ ಸುತ್ತ ಹುಡುಕುತ್ತಿದ್ದರು. ಹೆಂಗಸಿಗೆ ಎಷ್ಟೇ ವಯಸ್ಸಾಗಲಿ, ಅಪ್ಪನೋ ಗಂಡನೋ ಅಣ್ಣನೋ ಯಾರಾದರೊಬ್ಬ ಗಂಡಸಿನ ಸುಪರ್ದಿಯಲ್ಲಿಯೇ ಇರಬೇಕಂತೆ. ಇದನ್ನು ಹೇಳುವಾಗ ದೊಡ್ಡಪ್ಪನ ದನಿ ತುಪ್ಪ ಸುರಿದಂತೆ ಆಗುತ್ತಿತ್ತು. ರೋಮಿನ ಕತ್ತಿಕಾಳಗದ ಕಣದಲ್ಲಿ ಸೋತವನ ಜೀವ ಹೆಬ್ಬೆಟ್ಟಿನ ಸನ್ನೆಯ ಮೇಲೆ ನಿಂತಿರುತ್ತಿತ್ತು ಎಂದು ಅವರು ಎಲ್ಲಿಯೋ ಓದಿದ್ದರು. ಅಂದಿನಿಂದ ಸಾರಿನ ಜೀವವೂ ಹಾಗೇ ಆಯಿತು. ಮೊದಲ ತುತ್ತು ಕಲಸಿ ನುಂಗಿ, ಕಣ್ಣು ಮುಚ್ಚಿ, ಕೈ ಮುಂದೆ ಮಾಡುವರು. ಹೆಬ್ಬೆಟ್ಟು ಮೇಲಾದರೆ ಎಲ್ಲರೂ ಉಣ್ಣಬಹುದು. ಕೆಳಗಾದರೆ ಅತ್ತೆ ಎದ್ದು ಹೋಗಿ ಮತ್ತೆ ಒಗ್ಗರಣೆ ಹಾಕಬೇಕು. ಅಜ್ಜಿ ಒಬ್ಬಳೇ ತನ್ನ ಹಿರಿಮಗನಿಗೆ ಉತ್ತರ ಕೊಡುತ್ತಿದ್ದಳು.

"ಹೆಬ್ಬೆಟ್ಟು ಬಾಯಿಂದ ಬಿಡ್ಸೋಕೆ ಬೇವಿನೆಣ್ಣೆ ಸವರಿದ್ದೆ ಕಣೋ ನಿಂಗೆ. ಇನ್ನೊಂದಿಷ್ಟು ಸವರ್ಬೇಕಾಗಿತ್ತು."

ಸರೋಜತ್ತೆಗೆ ಆಗ ಮೂವತ್ತು ದಾಟಿತ್ತೇನೋ. ಮದುವೆಯಾದ ವರ್ಷದೊಳಗೆ ಗಂಡ ಹೋದ. ತವರಿಗೆ ಬಂದವಳ ಕೈಗೆ ದೊಡ್ಡಪ್ಪ ಕಂಡಿಕೆ ಕೊಟ್ಟರು. ಕಂಡಿಕೆ ಎಂದರೆ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಕಡ್ಡಿ. ಅದು ಖಾಲಿಯಾದರೆ ಮಗ್ಗ ನಿಲ್ಲುತ್ತದೆ. ಆರು ಮಗ್ಗ ಖಾಲಿ ಮಾಡಿದ್ದನ್ನೆಲ್ಲ ಅತ್ತೆ ಒಬ್ಬಳೇ ಸುತ್ತಿ ತುಂಬುತ್ತಿದ್ದಳು. ನೂಲು ತುಂಡಾದರೆ ಶೆಡ್ಡಿನ ಬಾಗಿಲಿಂದ ದೊಡ್ಡಪ್ಪನ ಕೂಗು: "ಕೈಯೋ ಕಾಲೋ ಅದು? ತಿಂದನ್ನಕ್ಕಾದ್ರೂ ನೆಟ್ಟಗೆ ಸುತ್ತು!" ಆ ಮಾತನ್ನು ನಾವು ಮಕ್ಕಳು ಆಟದಲ್ಲಿ ಬಳಸುತ್ತಿದ್ದೆವು, ಅಷ್ಟು ಮಾಮೂಲು. ಅತ್ತೆಗೂ ಮಾಮೂಲೇ ಎಂದು ನಾನು ತಿಳಿದಿದ್ದೆ.

ಆ ಡಿಸೆಂಬರಿನಲ್ಲಿ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಹೊಸದು ಬೆಂಗಳೂರಿನಿಂದ ಬರಬೇಕು, ವಾರ ಹಿಡಿಯುತ್ತದೋ ಹದಿನೈದು ದಿನವೋ ಹೇಳಲಾಗದು ಎಂದರು. ಅಪ್ಪ ದಿನಾ ಹೋಗಿ ಕಚೇರಿಯ ಮೆಟ್ಟಿಲ ಮೇಲೆ ಕೂತು ಬರುತ್ತಿದ್ದರು. ಅಲ್ಲಿಯ ಎಂಜಿನಿಯರು ದೊಡ್ಡಪ್ಪನ ಹಳೆಯ ಶಿಷ್ಯ. ನೀನೊಂದು ಮಾತು ಹೇಳಣ್ಣ ಎಂದು ಅಪ್ಪ ಬೇಡಿಕೊಂಡರೂ ದೊಡ್ಡಪ್ಪ ಒಪ್ಪಲಿಲ್ಲ. ಬೆಂಚಿನ ಮೇಲೆ ನಿಲ್ಲಿಸಿದವನ ಮುಂದೆ ಹೋಗಿ ತಾನು ನಿಲ್ಲುವುದೇ? ಹೀಗಾಗಿ ಮಗ್ಗ ನಿಂತವು. ಅವರೆಕಾಯಿಯ ಕಾಲ, ನೇಯುವ ಮುನಿರಾಜು ಮತ್ತವನ ಜೊತೆಯವರು ಅಂಗಳದಲ್ಲಿ ಕೂತು ನಮ್ಮಮ್ಮನ ಜೊತೆ ಕಾಳು ಹಿಸುಕುತ್ತ ಹರಟುತ್ತಿದ್ದರು. ಅತ್ತೆಗೆ ಮಾತ್ರ ರಜೆ ಇಲ್ಲ. ಕರೆಂಟ್ ಬಂದಾಗ ಕಂಡಿಕೆ ಬೇಕಾಗುತ್ತದೆಂದು ಅಟ್ಟದಿಂದ ಹಳೆಯ ಕೈರಾಟೆ ಇಳಿಸಿ ಕೊಟ್ಟಿದ್ದರು.

ಆ ನಿಶ್ಶಬ್ದದಲ್ಲಿಯೇ ದೊಡ್ಡಪ್ಪ ಆ ತಪ್ಪು ಮಾಡಿದ್ದು. ಮಗ್ಗದವರ ಮನೆಯಲ್ಲಲ್ಲದೆ ಬೇರೆಲ್ಲೂ ಆಗದ ತಪ್ಪು. ಪಡಸಾಲೆಯಲ್ಲಿ ಕೂತು, ಮಗ್ಗ ನಿಂತಿವೆ ಎನ್ನುವುದನ್ನು ಮರೆತು, ಅಪ್ಪನಿಗೆ ಗುಟ್ಟೊಂದನ್ನು ಎಂದಿನಂತೆ ಕೂಗಿ ಹೇಳಿದರು.

"ಜಡಿಗೇನಹಳ್ಳಿ ಅಂಗಡಿಯವ್ನು ಸರೋಜಿನ ಕೇಳಿ ಕಳ್ಸಿದ್ದ ಕಣೋ! ಎರಡನೇ ಸಂಬಂಧ! ಅವಳಿಗೆ ಇಷ್ಟ ಇಲ್ವಂತೆ ಅಂತ ಹೇಳಿ ಕಳ್ಸಿಬಿಟ್ಟೆ!"

ಅಂಗಳದಲ್ಲಿ ಕಾಳು ಹಿಸುಕುತ್ತಿದ್ದ ಕೈಗಳೆಲ್ಲ ನಿಂತವು. ಪಕ್ಕದ ಮನೆಯ ಹೆಂಗಸು ಒಗೆಯುವುದನ್ನು ನಿಲ್ಲಿಸಿದಳು. ರಾಟೆಯೊಂದು ಮಾತ್ರ ತಿರುಗುತ್ತಿತ್ತು, ನಿಲ್ಲಿಸಿದರೆ ಕೇಳಿಸಿತೆಂದು ಗೊತ್ತಾಗಿಬಿಡುತ್ತದಲ್ಲ. ಆ ಅಂಗಡಿಯವರನ್ನು ನಾನು ನೋಡಿದ್ದೆ. ನಮ್ಮ ಜನವೇ. ಹೆಂಡತಿ ತೀರಿಕೊಂಡಿದ್ದರು. ಹೋದ ತಿಂಗಳು ಸೀರೆ ತೆಗೆಯಲು ಬಂದವರು, ನೀರು ತಂದುಕೊಟ್ಟ ಅತ್ತೆಗೆ "ಕೂತ್ಕೊಳಿ, ಯಾಕೆ ನಿಂತಿದ್ದೀರಿ" ಎಂದಿದ್ದರು. ನಮ್ಮ ಮನೆಯಲ್ಲಿ ಅತ್ತೆಗೆ ಯಾರಾದರೂ ಕೂತುಕೊಳ್ಳಲು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ದೊಡ್ಡಪ್ಪನಿಗೆ ತಾವು ಕೂಗಿದ್ದು ಅರಿವಾಗಲೇ ಇಲ್ಲ. ಅವರ ತಲೆಯಲ್ಲಿ ಬೇರೆ ಯೋಜನೆ ಇತ್ತು. ರೋಮಿನಲ್ಲಿ ಡಿಸೆಂಬರಿನಲ್ಲಿ ಶನಿದೇವನ ಹಬ್ಬವೊಂದು ನಡೆಯುತ್ತಿತ್ತಂತೆ. ಆ ದಿನಗಳಲ್ಲಿ ಗುಲಾಮರು ಕೂತು ಉಣ್ಣುವರು, ಯಜಮಾನರು ಬಡಿಸುವರು. ಬಿಡುಗಡೆಯಾದ ಗುಲಾಮ ಹಾಕುವ ಚೂಪು ಟೊಪ್ಪಿಯನ್ನು ಎಲ್ಲರೂ ಹಾಕಿಕೊಳ್ಳುವರು. ಚೀಟಿ ಎತ್ತಿ ಒಬ್ಬನನ್ನು ದೊರೆ ಮಾಡುವರು. ಅವನು ಹೇಳಿದ್ದನ್ನು ಎಲ್ಲರೂ ಮಾಡಬೇಕು. ಶಾಲೆಗೂ ರಜೆ, ಮಗ್ಗಕ್ಕೂ ರಜೆ. ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವುದು? ನಾಳೆ ಸಂಜೆ ನಮ್ಮ ಮನೆಯಲ್ಲಿ ರೋಮ್ ಎಂದು ಸಾರಿದರು. ಕ್ಲಾಸಿನಲ್ಲಿ ಅವರು ಹೇಳಿದ್ದ ಇನ್ನೊಂದು ವಿಷಯವೂ ನನಗೆ ನೆನಪಿತ್ತು: ದೂರದ ಯಾವುದೋ ದಂಡಿನಲ್ಲಿ ಹಬ್ಬ ಮುಗಿದ ದಿನ ಆ ದೊರೆಯ ಕುತ್ತಿಗೆ ಕೊಯ್ಯುತ್ತಿದ್ದರಂತೆ. ಆ ರಾತ್ರಿಯೆಲ್ಲ ನಾನು ಮನೆಯ ಈಳಿಗೆಮಣೆ ಎಲ್ಲಿದೆ ಎಂದು ಯೋಚಿಸುತ್ತ ಮಲಗಿದ್ದೆ.

ಮಾರನೆಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಪಡಸಾಲೆಯಲ್ಲಿ ಎಲೆ ಹಾಕಿದರು. ದೊಡ್ಡಪ್ಪ ಜರಿಪಂಚೆಯೊಂದನ್ನು ಎಡಭುಜದ ಮೇಲೆ ಎಳೆದು, ಒಂದು ತೋಳು ಬರಿದು ಬಿಟ್ಟು ಸೆನೆಟರ್ ಆದರು. ಒಂದು ಅವರೆಕಾಳಿಗೆ ಕುಂಕುಮ ಹಚ್ಚಿ, ಬೇರೆ ಕಾಳುಗಳ ಜೊತೆ ಚೊಂಬಿಗೆ ಹಾಕಿ ಕುಲುಕಿದರು. ಕಣ್ಣು ಮುಚ್ಚಿ ಒಬ್ಬೊಬ್ಬರೇ ಒಂದೊಂದು ತೆಗೆಯಬೇಕು. ಮುನಿರಾಜುವಿಗೆ ಬರಲಿ ಎಂದು ಎಲ್ಲರ ಆಸೆ, ಅವನಾದರೆ ನಗಿಸುತ್ತಾನೆ. ಬಂದದ್ದು ಅತ್ತೆಗೆ. ನೂಲು ಸುತ್ತಿಬರುವ ರಟ್ಟಿನ ಚೂಪು ಕೋನಿಗೆ ಜರಿದಾರ ಕಟ್ಟಿ ಮಾಡಿದ್ದ ಟೊಪ್ಪಿಯನ್ನು ದೊಡ್ಡಪ್ಪ ತಾವೇ ಅವಳ ತಲೆಗೆ ಇಟ್ಟು, ಗದ್ದಕ್ಕೆ ದಾರ ಬಿಗಿದು, ಗೋಡೆಯ ಹಿರಿಯರ ಕಡೆ ತಿರುಗಿ ಘೋಷಿಸಿದರು.

"ಮಗ್ಗಕ್ಕೆ ಕರೆಂಟ್ ಬರೋವರೆಗೂ ಈ ಮನೇಲಿ ದೊರೆ ಮಾತೇ ಮಾತು. ನಾನೂ ಮೀರೋ ಹಾಗಿಲ್ಲ."

"ಹಂಗಾದ್ರೆ ಯುಗಾದಿವರ್ಗೂ ಸರೋಜಕ್ಕಂದೇ ರಾಜ್ಯ ಬುಡಿ ಮೇಷ್ಟ್ರೇ," ಎಂದ ಮುನಿರಾಜು.

ಅತ್ತೆ ಮೊದಲು ನಕ್ಕಳು, ತಲೆ ತಗ್ಗಿಸಿದರೆ ಟೊಪ್ಪಿ ಜಾರುತ್ತದೆಂದು ನೆಟ್ಟಗೆ ಕೂತಳು. ಅವಳು ಅಷ್ಟು ನೆಟ್ಟಗೆ ಕೂತದ್ದೇ ಹೊಸದು. ದೊಡ್ಡಪ್ಪ ಸಾರು ಬಡಿಸಿದರು. ಅತ್ತೆ ಕಲಸಿ ಒಂದು ತುತ್ತು ನುಂಗಿ, ಕಣ್ಣು ಮುಚ್ಚಿ, ಕೈ ಮುಂದೆ ಮಾಡಿ, ಹೆಬ್ಬೆಟ್ಟನ್ನು ನಿಧಾನವಾಗಿ ಕೆಳಗೆ ತಿರುಗಿಸಿದಳು. ಮನೆ ಹಾರಿಹೋಗುವಂತೆ ನಗು. ಅಮ್ಮನಿಗೆ ನೆತ್ತಿ ಹತ್ತಿತು. ದೊಡ್ಡಪ್ಪ ನಗುತ್ತಲೇ ಅಡುಗೆಮನೆಗೆ ಹೋಗಿ ಒಗ್ಗರಣೆ ಸೀಯಿಸಿಕೊಂಡು ಬಂದರು. ಆಮೇಲೆ ಅತ್ತೆ ರಾಟೆ ತರಿಸಿದಳು. ಒಂದು ಕಂಡಿಕೆ ಸುತ್ತು ಅಂದಳು. ಪಂಚೆ ಸಾವರಿಸಿಕೊಂಡು ಕೂತ ದೊಡ್ಡಪ್ಪ ಎರಡು ಸುತ್ತಿಗೆ ನೂಲು ತುಂಡು ಮಾಡಿದರು.

"ಕೈಯೋ ಕಾಲೋ ಅಣ್ಣ ಅದು? ತಿಂದನ್ನಕ್ಕಾದ್ರೂ ನೆಟ್ಟಗೆ ಸುತ್ತು."

ಅದೇ ಏರು, ಅದೇ ಇಳಿ. ಎಲ್ಲರೂ ನಕ್ಕರು, ದೊಡ್ಡಪ್ಪನೂ ನಕ್ಕರು, ಆದರೆ ಅವರ ಕಿವಿಗಳು ಮಾತ್ರ ನಗುವುದನ್ನು ಬಿಟ್ಟು ಕೆಂಪಗಾಗಿದ್ದವು. ಅಜ್ಜಿಗೆ ಗೊತ್ತಾಯಿತು. "ಆಡಿದ್ದು ಸಾಕು, ಏಳ್ರೋ ಎಲೆ ಮುಂದಿಂದ," ಎಂದಳು. ಅತ್ತೆ ಏಳಲಿಲ್ಲ.

"ಇನ್ನೊಂದು ಕೇಳ್ಬೇಕು. ನಿಜಾನೇ ಹೇಳ್ಬೇಕು ಅಣ್ಣ, ದೊರೆ ಅಪ್ಪಣೆ. ಜಡಿಗೇನಹಳ್ಳಿಯವರಿಗೆ ನಂಗಿಷ್ಟ ಇಲ್ಲ ಅಂತ ಯಾಕೆ ಹೇಳಿ ಕಳಿಸ್ದೆ? ನನ್ನ ಯಾವಾಗ ಕೇಳಿದ್ದೆ?"

ದೊಡ್ಡಪ್ಪ ಅವಳನ್ನು ನೋಡಿದರು, ಕೆಲಸದವರನ್ನು ನೋಡಿದರು. ಎಲ್ಲರ ಎದುರು ರೋಮಿನ ಮಾತು ಮುರಿಯಲಾರರು. ಆಮೇಲೆ ಆ ಗುಂಪಿಗೇ ಒಂದು ಚಂದದ ನಗೆ ಎಸೆದು, ನಿಜವನ್ನೇ ಹೇಳಿದರು.

"ಹೇಳಲಾ ದೊರೆಗಳೇ? ನೀನು ಹೋದ್ರೆ ಆರು ಮಗ್ಗಕ್ಕೆ ಕಂಡಿಕೆ ಸುತ್ತೋರ್ಯಾರು?"

ಅದು ಆ ಸಂಜೆಯ ಎಲ್ಲಕ್ಕಿಂತ ದೊಡ್ಡ ನಗು. ಅಪ್ಪ ನಕ್ಕರು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮಾತು ಅಷ್ಟು ಸರಿಯಾಗಿತ್ತು, ಎಲ್ಲರಿಗೂ ಮೊದಲೇ ಗೊತ್ತಿತ್ತು, ಯಾರಾದರೂ ಹೇಳಲಿ ಎಂದು ಕಾದಿದ್ದಂತಿತ್ತು. ಅತ್ತೆ ನಗು ಮುಗಿಯುವವರೆಗೂ ಕಾದಳು. ಆಮೇಲೆ ಟೊಪ್ಪಿಯನ್ನು ಒಂದು ಸಲ ಮುಟ್ಟಿ ನೋಡಿಕೊಂಡು ಹೇಳಿದಳು.

"ಸರಿ. ಬೆಳಗ್ಗೆ ಮೊದಲ್ನೇ ಬಸ್ಸಿಗೆ ಜಡಿಗೇನಹಳ್ಳಿಗೆ ಹೋಗು. ನಮ್ಮ ಹುಡುಗಿಗೆ ಇಷ್ಟ ಇದೆ, ತಪ್ಪು ನಂದು ಅಂತ ಹೇಳು. ಇದೇ ಕೊನೇ ಅಪ್ಪಣೆ. ಆಮೇಲೆ ಏನೂ ಕೇಳಲ್ಲ."

ಯಾರೂ ನಗಲಿಲ್ಲ. ದೊಡ್ಡಪ್ಪ ಹಿರಿಯರ ಫೋಟೋಗಳ ಕಡೆ ನೋಡಿ, ಸೊಂಟ ಬಗ್ಗಿಸಿ ಕೈ ಎದೆಗೆ ಇಟ್ಟುಕೊಂಡರು.

"ಅಪ್ಪಣೆ, ದೊರೆಗಳೇ."

ಬೆಳಗ್ಗೆ ಎದ್ದಾಗ ಅತ್ತೆ ಎಣ್ಣೆ ನೀರು ಹಾಕಿಕೊಂಡು, ಟ್ರಂಕಿನ ತಳದ ನೀಲಿ ಸೀರೆ ಉಟ್ಟಿದ್ದಳು. ಅವರೆಕಾಳು ಹಾಕಿ ಅಕ್ಕಿರೊಟ್ಟಿ ತಟ್ಟಿ, ಅಣ್ಣನಿಗೆ ದಾರಿಬುತ್ತಿ ಕಟ್ಟುತ್ತಿದ್ದಳು. ದೂರದ ದಾರಿ, ಎರಡು ಹೆಚ್ಚಿಗೆ ಇರಲಿ ಎಂದು ಮತ್ತೆರಡು ತಟ್ಟಿದಳು. ದೊಡ್ಡಪ್ಪ ಮದುವೆಗಳಿಗೆ ಹಾಕುವ ಕೋಟು ಹಾಕಿ, ಕೊಡೆ ಹಿಡಿದು, ಡಬ್ಬಿ ತೆಗೆದುಕೊಂಡು ಹೊರಟೇಬಿಟ್ಟರು. ಅಮ್ಮ ಬಾಗಿಲಲ್ಲಿ ನಿಂತು ನೋಡಿ, ಅವರು ಬಸ್‌ಸ್ಟ್ಯಾಂಡಿನ ಕಡೆಗೇ ತಿರುಗಿದರು ಎಂದು ಬಂದು ಹೇಳಿದಳು. ಅತ್ತೆ ನನ್ನನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕಿದಳು. ಬಿಗಿ ಎಷ್ಟೆಂದರೆ ಹುಬ್ಬು ಮೇಲೆ ಹೋಯಿತು.

"ಲೇ ಮಂಜಿ, ಜಡಿಗೇನಹಳ್ಳೀಲಿ ಮಗ್ಗ ಇಲ್ವಂತೆ ಕಣೆ. ಒಂದೂ ಇಲ್ವಂತೆ. ನೀನು ರಜೆಗೆ ಬಾ, ಮೆಲ್ಲಗೆ ಮಾತಾಡ್ಕೊಂಡಿರೋಣ."

ಆಗಲೇ ನಾನು ಕಟ್ಟೆಯ ಮೇಲೆ ಹೋಗಿ ಕೂತು ನನ್ನ ಕೆಲಸ ಶುರುಮಾಡಿದ್ದು: ಬಸ್ಸು, ಕಂಡಕ್ಟರು, ಟೈರು, ಅಂಗಡಿ, ತಾಂಬೂಲ, ಎದೆನೋವು. ಸುಮ್ಮನೆ ಯೋಚಿಸಿದರೆ ಸಾಲದೆಂದು ಶಕುನವನ್ನೂ ನೋಡಿದೆ. ರೋಮನರು ಯುದ್ಧಕ್ಕೆ ಮುಂಚೆ ಕೋಳಿಗಳಿಗೆ ಕಾಳು ಹಾಕುತ್ತಿದ್ದರಂತೆ, ತಿಂದರೆ ಗೆಲುವು, ತಿನ್ನದಿದ್ದರೆ ಸೋಲು. ಪಕ್ಕದ ಮನೆಯ ಕೋಳಿಗಳಿಗೆ ಹಿಡಿ ರಾಗಿ ಚೆಲ್ಲಿದೆ. ಅವು ಒಂದನ್ನೊಂದು ತುಳಿದುಕೊಂಡು ತಿಂದವು. ಹುಂಜ ನನ್ನ ಕಾಲಬೆರಳನ್ನೂ ಕುಕ್ಕಿ ನೋಡಿತು. ಅಷ್ಟು ಒಳ್ಳೆಯ ಶಕುನ ಯಾವ ಸೇನಾಪತಿಗೂ ಸಿಕ್ಕಿರಲಾರದು. ಒಳಗೆ ಓಡಿಹೋಗಿ ಅತ್ತೆಗೆ ಹೇಳಿದೆ. ಅವಳು ರಾಟೆಯ ಮುಂದೆ ಕೂತಿದ್ದಳು, ಆದರೆ ಸುತ್ತುತ್ತಿರಲಿಲ್ಲ. ಸುಮ್ಮನೆ ಕೂತಿದ್ದಳು. ಕೈಗಳು ಮಡಿಲಲ್ಲಿ ಅಂಗಾತ ಬಿದ್ದಿದ್ದವು, ಬೇರೆ ಯಾರೋ ಮರೆತು ಬಿಟ್ಟುಹೋದ ಸಾಮಾನಿನಂತೆ.

ಬಿಸಿಲು ಅಂಗಳದ ಅರ್ಧಕ್ಕೆ ಬರುವ ಹೊತ್ತಿಗೆ ಅತ್ತೆಯ ತಲೆಯ ಮೇಲಿನ ಬಲ್ಬು ಹೊತ್ತಿಕೊಂಡಿತು. ಮರುಕ್ಷಣ ಶೆಡ್ಡಿನ ಮಗ್ಗಗಳು ತಾವಾಗಿಯೇ ಎದ್ದವು. ಕರೆಂಟ್ ಹೋದ ದಿನ ಯಾರೂ ಸ್ವಿಚ್ಚು ಆರಿಸಿರಲಿಲ್ಲ. ಖಟಾಪಟಾ, ಖಟಾಪಟಾ. ಫೋಟೋದ ಹಿರಿಯರು ಮತ್ತೆ ನಡುಗತೊಡಗಿದರು. ಬೀದಿಯ ಉದ್ದಕ್ಕೂ ಮನೆಮನೆಯಿಂದ "ಹೋ" ಎಂದು ಕೂಗೆದ್ದಿತು, ಮುನಿರಾಜು ಅಂಗಳದಿಂದ ಓಡಿದ, ಅಪ್ಪ ಕೈ ಮುಗಿದರು. ಆ ಸಂಭ್ರಮದ ಹಿಂದೆಯೇ, ಕೊಡೆ ಮಡಿಸಿ ಬಗಲಲ್ಲಿಟ್ಟುಕೊಂಡು, ದೊಡ್ಡಪ್ಪ ಬಂದರು. ಬಸ್‌ಸ್ಟ್ಯಾಂಡಿನ ದಾರಿಯಲ್ಲಿಯೇ ಕರೆಂಟಿನ ಕಚೇರಿಯೂ ಇದೆ ಎನ್ನುವುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಷ್ಟು ದಿನ ಹೋಗಲೊಲ್ಲದ ಶಿಷ್ಯನ ಮುಂದೆ ಹೋಗಿ ನಿಂತಿದ್ದರು. ಶಿಷ್ಯ ಗಾಬರಿಯಿಂದ ಎದ್ದು, ಪಕ್ಕದ ಬೀದಿಯ ಲೈನಿನಿಂದ ನಮಗೆ ಎಳೆಸಿಕೊಟ್ಟಿದ್ದ. ಅಲ್ಲಿಯೇ ಬೆಂಚಿನ ಮೇಲೆ ಕೂತು ಬುತ್ತಿ ತಿಂದು ಬಂದಿದ್ದರು. ನೇರ ಅತ್ತೆಯ ಮುಂದೆ ಹೋಗಿ, ತೊಳೆದ ಡಬ್ಬಿಯನ್ನು ರಾಟೆಯ ಪಕ್ಕ ಇಟ್ಟು, ಮಗ್ಗಗಳ ಸದ್ದಿನ ಮೇಲೆ ಕೇಳಿಸುವಂತೆ ಕೂಗಿದರು.

"ರೊಟ್ಟಿ ಬಾಳ ಚೆನ್ನಾಗಿತ್ತು ದೊರೆಗಳೇ! ಕರೆಂಟ್ ಬಂತಲ್ಲ, ಇನ್ನು ಕಂಡಿಕೆ ನೋಡಿ!"

ಯಾವ ಕುತ್ತಿಗೆಯನ್ನೂ ಯಾರೂ ಕೊಯ್ಯಲಿಲ್ಲ. ಅತ್ತೆ ತಲೆಯಾಡಿಸಿ ರಾಟೆ ಪಕ್ಕಕ್ಕೆ ಸರಿಸಿ ಶೆಡ್ಡಿಗೆ ನಡೆದಳು, ನೀಲಿ ಸೀರೆಯಲ್ಲಿಯೇ. ಏನೋ ಹೇಳಿದಳು ಕೂಡ, ತುಟಿ ಅಲುಗಿದ್ದು ಕಂಡಿತು. ಮಗ್ಗದ ಸದ್ದಿನಲ್ಲಿ ಕೇಳಿಸಲಿಲ್ಲ. ಆ ದಿನದಿಂದ ದೊಡ್ಡಪ್ಪ ಅವಳನ್ನು ಸರೋಜಿ ಎಂದು ಕರೆಯಲೇ ಇಲ್ಲ. ದೊರೆಗಳೇ ನೀರು, ದೊರೆಗಳೇ ನೂಲು ತುಂಡಾಯ್ತು. ಸಾಯುವವರೆಗೂ ಬಹುವಚನ ಬಿಡಲಿಲ್ಲ. ಮನೆಯವರೂ ಕಲಿತರು, ಕೆಲಸದವರೂ ಕಲಿತರು. ಬೀದಿಯ ಸೊಪ್ಪಿನವಳು ಕೂಡ "ದೊರೆಯಮ್ಮ, ಸೊಪ್ಪು" ಎಂದು ಕೂಗುತ್ತಿದ್ದಳು, ಅದು ಅವಳ ನಿಜವಾದ ಹೆಸರೆಂದೇ ತಿಳಿದು. ಜಡಿಗೇನಹಳ್ಳಿಯವರಿಗೆ ಮಾಘದಲ್ಲಿ ನಂದಗುಡಿ ಕಡೆಯ ಹೆಣ್ಣಿನ ಜೊತೆ ಮದುವೆಯಾಯಿತು. ಒಳ್ಳೆಯ ಮನುಷ್ಯ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಲಿಲ್ಲ, ಧಾರೆಸೀರೆ ನಮ್ಮಲ್ಲೇ ನೇಯಿಸಿದರು. ಅದಕ್ಕೆ ಕಂಡಿಕೆ ಸುತ್ತಿದವರು ಯಾರೆಂದು ಬರೆಯಬೇಕಾಗಿಲ್ಲ.

ಈಗಲೂ ನಮ್ಮ ಬಡಾವಣೆಯಲ್ಲಿ ಕರೆಂಟ್ ಹೋಗಿ ಬಂದಾಗ ಮಕ್ಕಳು ಹೋ ಎಂದು ಕೂಗುತ್ತಾರೆ, ನಾನು ಮಾತ್ರ ಎದ್ದು ಹೋಗಿ ಬಾಗಿಲಲ್ಲಿ ಯಾರು ಬಂದರೆಂದು ನೋಡುತ್ತೇನೆ. ಕೆಟ್ಟದ್ದಕ್ಕೆ ಹೆದರುವುದನ್ನು ಎಲ್ಲರೂ ಕಲಿಯುತ್ತಾರೆ. ನಾನು ಆ ಬೆಳಗ್ಗೆ ಒಳ್ಳೆಯದಕ್ಕೂ ಹೆದರುವುದನ್ನು ಕಲಿತೆ. ಎಷ್ಟೊಂದು ಯೋಚಿಸಿದ್ದೆ ಕಟ್ಟೆಯ ಮೇಲೆ ಕೂತು! ಬಸ್ಸು ತಪ್ಪಲಿಲ್ಲ. ಕಂಡಕ್ಟರ್ ಜಗಳವಾಡಲಿಲ್ಲ. ಹೊಸಕೋಟೆ ಏರಿಯ ಮೇಲೆ ಟೈರು ಸಿಡಿಯಲಿಲ್ಲ. ಅಂಗಡಿ ಬಾಗಿಲು ತೆರೆದೇ ಇತ್ತು. ಯಾರ ಎದೆಯೂ ನಿಲ್ಲಲಿಲ್ಲ. ಇಡೀ ಬೀದಿ ಅಷ್ಟು ದಿನದಿಂದ ದೇವರಿಗೆ ಹರಕೆ ಹೊತ್ತು ಬೇಡಿಕೊಳ್ಳುತ್ತಿದ್ದ ಒಂದು ಸಣ್ಣ ಸಂಗತಿ ನಡೆಯಿತು, ಅಷ್ಟೆ.

ಕರೆಂಟ್ ಬಂತು.